ಗೆಟ್ಟಿಸ್‌ಬರ್ಗ್ ಕದನದ ಖರ್ಚು ಯಾರ ತಲೆಗೆ ಬಿತ್ತು? ಒಂದು ಪ್ರಕರಣ ಅಧ್ಯಯನ

1863ರ ಜುಲೈ ಮೊದಲ ವಾರ, ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್ ಊರಿನ ಜನಸಂಖ್ಯೆ ಸುಮಾರು 2,400. ಆ ವಾರ ಊರಿನಲ್ಲೂ ಸುತ್ತಲಿನ ಹೊಲಗಳಲ್ಲೂ ಬಿದ್ದಿದ್ದ ಗಾಯಾಳುಗಳು 20,995. ಉತ್ತರದ ಸೇನೆಯ ವೈದ್ಯಕೀಯ ಮುಖ್ಯಸ್ಥ ಜೊನಾಥನ್ ಲೆಟರ್‌ಮನ್ ತನ್ನ ವರದಿಯಲ್ಲಿ ಕೊಟ್ಟ ಲೆಕ್ಕ ಇದು. ಅದರಲ್ಲಿ 14,193 ಮಂದಿ ಅವರದೇ ಸೈನಿಕರು, 6,802 ಮಂದಿ ದಕ್ಷಿಣದವರು. ತೊಟ್ಟಿಲ ಕೂಸನ್ನೂ ಸೇರಿಸಿ ಲೆಕ್ಕ ಹಾಕಿದರೂ ಊರಿನ ಒಬ್ಬೊಬ್ಬರ ಪಾಲಿಗೆ ಎಂಟೊಂಬತ್ತು ಗಾಯಾಳುಗಳು.

ಸೇನೆಗಳು ಹೊರಟು ಹೋದವು. ಇವರು ಅಲ್ಲೇ ಉಳಿದರು.

ಈ ಕದನದ ಬಗ್ಗೆ ಬಂದಿರುವ ಪುಸ್ತಕಗಳಿಗೆ, ಭೂಪಟಗಳಿಗೆ ಲೆಕ್ಕವೇ ಇಲ್ಲ. ಯಾವ ದಳ ಯಾವ ದಿಬ್ಬ ಹತ್ತಿತು, ಯಾವ ಜನರಲ್ ಎಲ್ಲಿ ಎಡವಿದ ಅಂತ ಕೆಂಪು ನೀಲಿ ಬಾಣ ಹಾಕಿ ತೋರಿಸುತ್ತಾರೆ. ನನಗೆ ಆ ಬಾಣಗಳಲ್ಲಿ ಆಸಕ್ತಿ ಕಮ್ಮಿ. ಮೂರು ದಿನದ ಕಾಳಗದ ಬೆಲೆಯನ್ನು ಯಾರು ತೆತ್ತರು, ಎಷ್ಟು ಕಾಲ ತೆತ್ತರು ಎಂಬುದಷ್ಟೇ ಇಲ್ಲಿ ನನ್ನ ಪ್ರಶ್ನೆ. ಅದಕ್ಕೆ ಗೆಟ್ಟಿಸ್‌ಬರ್ಗ್‌ಗಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಯಾಕೆಂದರೆ ಇಲ್ಲಿ ಸಣ್ಣ ಸಣ್ಣ ಲೆಕ್ಕವೂ ದಾಖಲೆಯಲ್ಲಿ ಉಳಿದಿದೆ. ಒಂದು ಹೆಣ ಎತ್ತಲು ಎಷ್ಟು ದುಡ್ಡು, ನೂರು ಪೌಂಡ್ ಕುದುರೆ ಮೂಳೆಗೆ ಎಷ್ಟು ದುಡ್ಡು ಅನ್ನುವವರೆಗೂ.

ಹಿನ್ನೆಲೆ ಎರಡೇ ಮಾತಲ್ಲಿ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ಅಮೆರಿಕದಿಂದ ಬೇರೆಯಾದವು. 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಮೂರನೇ ಬೇಸಿಗೆಯಲ್ಲಿ ದಕ್ಷಿಣದ ಜನರಲ್ ರಾಬರ್ಟ್ ಲೀ ತನ್ನ 70 ಸಾವಿರಕ್ಕೂ ಹೆಚ್ಚು ಸೈನಿಕರೊಂದಿಗೆ ಉತ್ತರಕ್ಕೆ ನುಗ್ಗಿದ. ಜಾರ್ಜ್ ಮೀಡ್ ನೇತೃತ್ವದಲ್ಲಿ ಉತ್ತರದ ಸುಮಾರು 93 ಸಾವಿರ ಸೈನಿಕರು ಅವನನ್ನು ಹುಡುಕಿಕೊಂಡು ಬಂದರು. ಹತ್ತು ರಸ್ತೆಗಳು ಕೂಡುವ ಊರು ಗೆಟ್ಟಿಸ್‌ಬರ್ಗ್. ಇಬ್ಬರೂ ಅಲ್ಲೇ ಡಿಕ್ಕಿ ಹೊಡೆದರು. ಆ ಊರು ಮಾಡಿದ ಪಾಪ ಅಂದರೆ ಅಷ್ಟೇ.

51 ಸಾವಿರ ಎಂಬ ಅಂಕಿ

ಗೆಟ್ಟಿಸ್‌ಬರ್ಗ್ ಅಂದ ಕೂಡಲೇ 51,000 ಅನ್ನುವ ಸಂಖ್ಯೆ ಬರುತ್ತದೆ. ಎಷ್ಟೋ ಕಡೆ ಇದನ್ನೇ ಸತ್ತವರ ಸಂಖ್ಯೆ ಅಂತ ಬರೆದುಬಿಡುತ್ತಾರೆ. ತಪ್ಪು. ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ನಾಪತ್ತೆಯಾದವರು ಎಲ್ಲರನ್ನೂ ಒಟ್ಟು ಸೇರಿಸಿದ ಅಂಕಿ ಇದು. ಉತ್ತರದ ಕಡೆ 23 ಸಾವಿರ ಚಿಲ್ಲರೆ. ಅದರಲ್ಲಿ ರಣರಂಗದಲ್ಲೇ ಸತ್ತವರು 3,155. ದಕ್ಷಿಣದ ಕಡೆ 23ರಿಂದ 28 ಸಾವಿರ. ಅವರ ಲೆಕ್ಕದ ಪುಸ್ತಕವೇ ಸರಿ ಇರಲಿಲ್ಲ, ಹಾಗಾಗಿ ಅಂದಾಜು ಇಷ್ಟು ಹಿಗ್ಗುತ್ತದೆ.

ಲೆಕ್ಕ ನಡೆದದ್ದು ಹೀಗೆ. ಕಾಳಗ ಮುಗಿದ ಮೇಲೆ ಪ್ರತಿ ದಳದಲ್ಲೂ ಹಾಜರಿ ಕೂಗುತ್ತಾರೆ. ಓಗೊಡದವನ ಹೆಸರಿನ ಮುಂದೆ ಏನೋ ಒಂದು ಗುರುತು ಬೀಳುತ್ತದೆ. ಅವನು ಸತ್ತನೋ, ಶತ್ರುವಿನ ಕೈಗೆ ಸಿಕ್ಕನೋ, ಯಾವುದೋ ಕೊಟ್ಟಿಗೆಯಲ್ಲಿ ಕಾಲು ಕಳೆದುಕೊಂಡು ಮಲಗಿದ್ದಾನೋ, ಆ ಕ್ಷಣಕ್ಕೆ ಯಾರಿಗೂ ಗೊತ್ತಿಲ್ಲ. ಗಾಯಾಳು ಅಂತ ಬರೆದವನು ಮೂರು ವಾರದ ನಂತರ ಕೀವು ತುಂಬಿ ಸತ್ತರೆ ಕದನದ ಪಟ್ಟಿಯಲ್ಲಿ ಅವನು ಗಾಯಾಳುವಾಗಿಯೇ ಉಳಿಯುತ್ತಾನೆ. ಆದ್ದರಿಂದ 3,155 ಅನ್ನುವುದು ಕನಿಷ್ಠ ಅಂಕಿ.

ಇಡೀ ಯುದ್ಧದ ಲೆಕ್ಕವೂ ಇನ್ನೂ ಗಟ್ಟಿಯಾಗಿಲ್ಲ. ನೂರು ವರ್ಷಕ್ಕೂ ಮೇಲೆ 6,20,000 ಸಾವು ಅಂತಲೇ ಎಲ್ಲರೂ ಹೇಳುತ್ತಿದ್ದರು. 2011ರಲ್ಲಿ ಇತಿಹಾಸಕಾರ ಡೇವಿಡ್ ಹ್ಯಾಕರ್ ಜನಗಣತಿಯ ದಾಖಲೆ ಹಿಡಿದು ಅದು ಸುಮಾರು 7,50,000 ಇರಬೇಕು ಅಂದರು. 2024ರಲ್ಲಿ ಬಂದ ಇನ್ನೊಂದು ಅಧ್ಯಯನ ಅದನ್ನು 6,98,000ಕ್ಕೆ ಇಳಿಸಿತು. ಇದರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಸಾವು ಗುಂಡಿನಿಂದಲ್ಲ. ಭೇದಿ, ವಿಷಮಶೀತ ಜ್ವರ, ದಡಾರದಂಥ ಕಾಯಿಲೆಗಳಿಂದ.

ಒಟ್ಟು ಅಂಕಿಗಿಂತ ಅದು ಯಾರ ಮೇಲೆ ಬಿತ್ತು ಅನ್ನುವುದು ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ಆಗಿನ ದಳಗಳನ್ನು ಊರು ಊರಿನಿಂದ, ಜಿಲ್ಲೆ ಜಿಲ್ಲೆಯಿಂದ ಕಟ್ಟುತ್ತಿದ್ದರು. ಅಣ್ಣತಮ್ಮಂದಿರು, ಪಕ್ಕದ ಮನೆಯವರು, ಒಂದೇ ಶಾಲೆಯಲ್ಲಿ ಓದಿದವರು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಾಗಾಗಿ ಒಂದು ದಳ ನೆಲಕಚ್ಚಿದರೆ ಒಂದು ತಾಲ್ಲೂಕಿನಷ್ಟು ಜಾಗದ ಹುಡುಗರು ಒಂದೇ ಮಧ್ಯಾಹ್ನ ಹೋದ ಹಾಗೆ. ಜುಲೈ 1ರಂದು ಉತ್ತರ ಕೆರೊಲಿನಾದ 26ನೇ ದಳ 800ಕ್ಕೂ ಹೆಚ್ಚು ಜನರೊಂದಿಗೆ ಕಾಳಗಕ್ಕೆ ಇಳಿಯಿತು. ಸಂಜೆಯೊಳಗೆ 588 ಮಂದಿ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಅದರ ಕರ್ನಲ್ ಹೆನ್ರಿ ಬರ್ಗ್ವಿನ್‌ಗೆ 21 ವರ್ಷ. ದಳದ ಬಾವುಟ ಹಿಡಿದಿದ್ದಾಗಲೇ ಗುಂಡು ತಗುಲಿ ಸತ್ತ. ಮರುದಿನ ಸಂಜೆ ಉತ್ತರದ ಒಂದನೇ ಮಿನೆಸೋಟಾ ದಳದ 262 ಜನರನ್ನು, ಬೇರೆ ಪಡೆ ಬರುವವರೆಗೆ ಒಂದಿಷ್ಟು ನಿಮಿಷ ಸಿಗಲಿ ಅಂತ, ತಮಗಿಂತ ಎಷ್ಟೋ ಪಟ್ಟು ದೊಡ್ಡ ಪಡೆಯ ಮೇಲೆ ಬಿಟ್ಟರು. 215 ಮಂದಿ ಬಿದ್ದರು. ನಿಮಿಷ ಸಿಕ್ಕಿತು.

106 ವೈದ್ಯರು

ಈಗ ಆ ಗಾಯಾಳುಗಳ ಕಡೆ ಬರೋಣ. ಕದನಕ್ಕೆ ಮೊದಲು ಮೀಡ್ ಒಂದು ಆದೇಶ ಹೊರಡಿಸಿದ್ದ. ರಸ್ತೆಗಳು ಮದ್ದುಗುಂಡಿಗೆ ಖಾಲಿ ಇರಬೇಕು, ಉಳಿದ ಗಾಡಿಗಳು ಹಿಂದೆ ನಿಲ್ಲಲಿ ಅಂತ. ಆ ಉಳಿದ ಗಾಡಿಗಳಲ್ಲಿ ಡೇರೆ, ಹಾಸಿಗೆ, ಅಡುಗೆ ಪಾತ್ರೆ, ಔಷಧಿ ಎಲ್ಲ ಇತ್ತು. ಅವು ಹಲವು ಮೈಲಿ ಹಿಂದೆಯೇ ಉಳಿದವು. ಆಂಬುಲೆನ್ಸ್ ಗಾಡಿಗಳು ಮಾತ್ರ ಸೇನೆಯ ಜೊತೆ ಬಂದವು. ಗಾಯಾಳುಗಳನ್ನು ಎತ್ತಿ ತರುವ ಕೆಲಸ ಅವುಗಳಿಂದ ಚೆನ್ನಾಗಿಯೇ ನಡೆಯಿತು. ಆದರೆ ತಂದು ಮಲಗಿಸುವುದು ಎಲ್ಲಿ?

ಜುಲೈ 4ರಂದು ಧಾರಾಕಾರ ಮಳೆ. ಹಳ್ಳದ ಬದಿಯಲ್ಲಿ ಮಲಗಿಸಿದ್ದ ಕೆಲವರು ನೆರೆ ನೀರಲ್ಲಿ ಕೊಚ್ಚಿ ಹೋದರು. ಚರ್ಚು, ಕಾಲೇಜು, ಕೋರ್ಟು, ಕೊಟ್ಟಿಗೆ, ಮನೆಯ ಪಡಸಾಲೆ ಎಲ್ಲವೂ ಆಸ್ಪತ್ರೆಯಾದವು. ಚರ್ಚಿನ ಬೆಂಚುಗಳ ಮೇಲೆ ಹಲಗೆ ಹಾಸಿ ಶಸ್ತ್ರಚಿಕಿತ್ಸೆ ಮಾಡಿದರು.

ಆಗಿನ ಗುಂಡು ಮೆತ್ತನೆಯ ಸೀಸದ್ದು. ಈಗಿನ ಗುಂಡಿನ ಹಾಗೆ ಮೈಯಲ್ಲಿ ತೂರಿ ಆಚೆ ಹೋಗುವ ಬದಲು ಮೂಳೆಗೆ ಬಡಿದು ಚಪ್ಪಟೆಯಾಗಿ ಮೂಳೆಯನ್ನು ಚೂರುಚೂರು ಮಾಡುತ್ತಿತ್ತು. ಜೊತೆಗೆ ಕೊಳಕು ಬಟ್ಟೆಯ ಚೂರನ್ನೂ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ರೋಗಾಣುಗಳ ವಿಷಯ ಯಾವ ವೈದ್ಯನಿಗೂ ಗೊತ್ತಿರಲಿಲ್ಲ. ಒಂದೇ ಗರಗಸ, ಒಂದೇ ಬೋಗುಣಿ ನೀರು, ಒಬ್ಬನಾದ ಮೇಲೆ ಇನ್ನೊಬ್ಬ. ಕೈ ಕಾಲು ಕತ್ತರಿಸುವುದೇ ಜೀವ ಉಳಿಸುವ ಗಟ್ಟಿ ದಾರಿಯಾಗಿತ್ತು. ಅಂದಹಾಗೆ, ಸೈನಿಕರ ಬಾಯಿಗೆ ಗುಂಡು ಕೊಟ್ಟು ಕಚ್ಚಿಸಿ ಕಾಲು ಕೊಯ್ಯುತ್ತಿದ್ದರು ಅನ್ನುವ ಕಥೆಯನ್ನು ನಂಬಬೇಡಿ. ಹೆಚ್ಚಿನ ಶಸ್ತ್ರಚಿಕಿತ್ಸೆಗಳಿಗೆ ಕ್ಲೋರೋಫಾರ್ಮ್ ಇಲ್ಲವೇ ಈಥರ್ ಬಳಸುತ್ತಿದ್ದರು. ಅದು ಆಮೇಲೆ ಬರುವ ಕೀವಿಗೆ ಮದ್ದಾಗುತ್ತಿರಲಿಲ್ಲ, ಅಷ್ಟೇ.

ಸೋತ ಲೀ ಜುಲೈ 4ರ ಸಂಜೆಯಿಂದ ವಾಪಸ್ ಹೊರಟ. ಸಾಗಿಸಬಹುದಾದ ಗಾಯಾಳುಗಳನ್ನು ಗಾಡಿಗಳಿಗೆ ತುಂಬಿದ. ಆ ಗಾಡಿ ಸಾಲು 17 ಮೈಲಿ ಉದ್ದ ಇತ್ತು. ಸ್ಪ್ರಿಂಗ್ ಇಲ್ಲದ ಗಾಡಿ, ಎಷ್ಟೋ ಗಾಡಿಗಳಲ್ಲಿ ಹುಲ್ಲೂ ಇಲ್ಲ, ಮಳೆ, ಗುಂಡಿಬಿದ್ದ ರಸ್ತೆ. ಶತ್ರು ಬೆನ್ನಟ್ಟುತ್ತಾನೆ ಅಂತ ನಿಲ್ಲಿಸುವ ಹಾಗೂ ಇರಲಿಲ್ಲ. ಅಲುಗಾಡಿಸಲೂ ಆಗದಂಥವರನ್ನು ಬಿಟ್ಟು ಹೋದ. ಲೆಟರ್‌ಮನ್ ಲೆಕ್ಕದ 6,802 ಮಂದಿ ಅವರೇ.

ಲೀಯನ್ನು ಹಿಂಬಾಲಿಸಿ ಮೀಡ್ ಹೊರಟ. ಮುಂದೆ ಇನ್ನೊಂದು ದೊಡ್ಡ ಕದನ ಆಗಬಹುದು ಅನ್ನುವ ಲೆಕ್ಕಾಚಾರ. ಸೇನೆಯಲ್ಲಿದ್ದ ಸುಮಾರು 650 ವೈದ್ಯರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಬಿಟ್ಟು ಹೋದದ್ದು 106 ಮಂದಿಯನ್ನು. ಅಂದರೆ ಒಬ್ಬ ವೈದ್ಯನಿಗೆ ಸುಮಾರು 200 ರೋಗಿಗಳು. ರಸ್ತೆ ಖಾಲಿ ಇಡುವ ಆದೇಶವನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಗುಂಡು ಮುಗಿದರೆ ಸೇನೆಯೇ ಮುಗಿಯಿತು. ಆದರೆ ಈ 106 ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಮುಂದೆ ಆಗಬಹುದಾದ ಕದನದ ಗಾಯಾಳುಗಳಿಗಾಗಿ ಕಣ್ಣೆದುರಿನ ಗಾಯಾಳುಗಳನ್ನು ಬಿಟ್ಟು ಹೋದರು. ಆ ದೊಡ್ಡ ಕದನವಂತೂ ಆ ತಿಂಗಳು ಆಗಲೇ ಇಲ್ಲ.

ಆ ಕೊರತೆ ತುಂಬಿದ್ದು ಯಾರು ಅಂದರೆ ಊರಿನ ಹೆಂಗಸರು ಮತ್ತು ಹೊರಗಿನಿಂದ ಬಂದ ಸ್ವಯಂಸೇವಕರು. ನ್ಯೂಜೆರ್ಸಿಯ ಕಾರ್ನೀಲಿಯಾ ಹ್ಯಾನ್‌ಕಾಕ್‌ಗೆ ಆಗ 23 ವರ್ಷ. ನರ್ಸುಗಳನ್ನು ಆಯ್ಕೆ ಮಾಡುತ್ತಿದ್ದ ಡೊರೊಥಿಯಾ ಡಿಕ್ಸ್ 35 ದಾಟಿದ, ನೋಡಲು ಸಾದಾ ಇರುವ ಹೆಂಗಸರೇ ಬೇಕು ಅನ್ನುವ ನಿಯಮ ಮಾಡಿದ್ದರು. ಹ್ಯಾನ್‌ಕಾಕ್‌ಳನ್ನು ಬೇಡ ಅಂದರು. ಅವಳು ಸುಮ್ನೆ ರೈಲು ಹತ್ತಿ ಕೂತಳು. ಜುಲೈ 6ಕ್ಕೆ ಗೆಟ್ಟಿಸ್‌ಬರ್ಗ್ ತಲುಪಿದಳು. ಅಲ್ಲಿ ಅವಳ ವಯಸ್ಸು ಕೇಳುವವರು ಯಾರಿದ್ದರು?

ದಕ್ಷಿಣದ ಸೈನಿಕರು ಜೂನ್‌ನಲ್ಲೇ ರೈಲ್ವೆ ಸೇತುವೆ ಸುಟ್ಟಿದ್ದರು. ಅದು ರಿಪೇರಿಯಾದ ಮೇಲೆ ನಡೆಯಬಲ್ಲ, ಸಾಗಿಸಬಲ್ಲ ಸಾವಿರಾರು ಮಂದಿಯನ್ನು ಫಿಲಡೆಲ್ಫಿಯಾ, ಬಾಲ್ಟಿಮೋರ್ ಕಡೆಗೆ ಕಳಿಸಿದರು. ಉಳಿದವರಿಗೆ ಜುಲೈ ಕೊನೆಯ ಹೊತ್ತಿಗೆ ರೈಲು ಹಳಿಯ ಪಕ್ಕ ಡೇರೆಗಳ ದೊಡ್ಡ ಆಸ್ಪತ್ರೆ ಎದ್ದಿತು. ಹೆಸರು ಕ್ಯಾಂಪ್ ಲೆಟರ್‌ಮನ್. ಅದು ಮುಚ್ಚಿದ್ದು ನವೆಂಬರ್‌ನಲ್ಲಿ. ಕದನ ನಡೆದದ್ದು ಮೂರು ದಿನ, ಅದರ ಆಸ್ಪತ್ರೆ ನಡೆದದ್ದು ನಾಲ್ಕು ತಿಂಗಳು.

ಸ್ಮಶಾನದ ಕಾವಲುಗಾರನ ಹೆಂಡತಿ

ಊರಿನವರಲ್ಲಿ ಕಾಳಗದ ಹೊತ್ತಲ್ಲಿ ಗುಂಡಿಗೆ ಬಲಿಯಾದವಳು ಒಬ್ಬಳೇ, 20 ವರ್ಷದ ಜೆನ್ನಿ ವೇಡ್. ಅಕ್ಕನ ಬಾಣಂತನಕ್ಕೆಂದು ಅವಳ ಮನೆಯಲ್ಲಿದ್ದಳು. ಜುಲೈ 3ರ ಬೆಳಗ್ಗೆ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಾಗ ಒಂದು ಗುಂಡು ಎರಡು ಬಾಗಿಲು ತೂರಿ ಬಂದು ಬೆನ್ನಿಗೆ ಹೊಕ್ಕಿತು. ಅವಳ ಗೆಳೆಯ ಜಾಕ್ ಸ್ಕೆಲ್ಲಿ ಅದಕ್ಕೂ ಮೊದಲೇ ವರ್ಜೀನಿಯಾದಲ್ಲಿ ಗಾಯಗೊಂಡು ಬಿದ್ದಿದ್ದ. ಜುಲೈ 12ಕ್ಕೆ ಅವನೂ ಸತ್ತ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪಲೇ ಇಲ್ಲ. ಈ ಕಥೆಯನ್ನು ಪ್ರವಾಸಿಗರಿಗೆ ದಿನಾ ಹೇಳುತ್ತಾರೆ, ಅವಳಿದ್ದ ಮನೆ ಈಗ ಮ್ಯೂಸಿಯಂ.

ನನ್ನ ಮನಸ್ಸಲ್ಲಿ ಜಾಸ್ತಿ ನಿಲ್ಲುವವಳು ಎಲಿಜಬೆತ್ ಥಾರ್ನ್. ಜರ್ಮನಿಯಿಂದ ವಲಸೆ ಬಂದವಳು. ಗಂಡ ಪೀಟರ್ ಊರಿನ ಎವರ್‌ಗ್ರೀನ್ ಸ್ಮಶಾನದ ಕಾವಲುಗಾರ. ಅವನು ಸೈನ್ಯಕ್ಕೆ ಸೇರಿ ಹೋದ ಮೇಲೆ ಆ ಕೆಲಸ ಇವಳ ಪಾಲಿಗೆ ಬಂತು. ಮೂವರು ಗಂಡುಮಕ್ಕಳು, ವಯಸ್ಸಾದ ತಂದೆ ತಾಯಿ, ಜೊತೆಗೆ ಆರು ತಿಂಗಳ ಬಸುರಿ. ಸ್ಮಶಾನದ ಬಾಗಿಲಲ್ಲೇ ಅವರ ಮನೆ. ಈ ಆವರಣದಲ್ಲಿ ಬಂದೂಕು ಹಾರಿಸಿದವರ ಮೇಲೆ ಕಾನೂನು ಕ್ರಮ ಅಂತ ಅಲ್ಲೊಂದು ಬೋರ್ಡು ಬೇರೆ ಇತ್ತು. ಆ ದಿಬ್ಬದ ಮೇಲೆಯೇ ಉತ್ತರದ ಫಿರಂಗಿಗಳು ಸಾಲಾಗಿ ನಿಂತವು.

ಕಾಳಗದ ಮಧ್ಯೆ ಇವರನ್ನು ಮನೆ ಬಿಟ್ಟು ಹೋಗಿ ಅಂದರು. ವಾಪಸ್ ಬಂದಾಗ ಮನೆಯಲ್ಲಿ ಹೆಚ್ಚುಕಮ್ಮಿ ಏನೂ ಉಳಿದಿರಲಿಲ್ಲ. ಹಳೇ ದೇಶದಿಂದ ತಂದಿದ್ದ ಹಾಸಿಗೆ ದಿಂಬು ಮತ್ತೆ ಬಳಸುವ ಹಾಗಿರಲಿಲ್ಲ. ಪಕ್ಕದಲ್ಲೇ ಸತ್ತ ಕುದುರೆಗಳ ರಾಶಿ. ಅಷ್ಟರಲ್ಲಿ ಸ್ಮಶಾನದ ಅಧ್ಯಕ್ಷರಿಂದ ಸೂಚನೆ ಬಂತು: ಸದ್ಯಕ್ಕೆ ಸೈನಿಕರನ್ನು ನಮ್ಮಲ್ಲೇ ಹೂಳಬೇಕು, ಜಾಗ ಗುರುತು ಮಾಡಿ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಗುಂಡಿ ತೋಡು. ಸಹಾಯಕ್ಕೆ ಬಂದವರು ವಾಸನೆ ತಡೆಯಲಾರದೆ, ಕಾಯಿಲೆ ಬಿದ್ದು ಹೊರಟು ಹೋದರು. ಕೊನೆಗೆ ಉಳಿದದ್ದು ಅವಳು ಮತ್ತು ಅವಳ ಅಪ್ಪ. ಗಟ್ಟಿ ಕಲ್ಲು ನೆಲ, ಜುಲೈ ಬಿಸಿಲು. ಒಟ್ಟು 105 ಮಂದಿಯನ್ನು ಹೂತರು.

ಇಷ್ಟಕ್ಕೆ ಸಿಕ್ಕ ಕೂಲಿ? ಗಂಡನ ಹೆಸರಲ್ಲಿ ಬರುತ್ತಿದ್ದ ತಿಂಗಳ ಸಂಬಳ 13 ಡಾಲರ್ ಬಿಟ್ಟರೆ ಸ್ಮಶಾನದಿಂದಾಗಲಿ ಬೇರೆಲ್ಲಿಂದಾಗಲಿ ಒಂದು ಪೈಸೆ ಬರಲಿಲ್ಲ ಅಂತ ಅವಳೇ ಮುಂದೆ ಹೇಳಿಕೊಂಡಿದ್ದಾಳೆ. ಹುಟ್ಟಿದ ಹೆಣ್ಣುಮಗುವಿಗೆ ಜನರಲ್ ಮೀಡ್‌ನ ಹೆಸರು ಸೇರಿಸಿ ರೋಸ್ ಮೀಡ್ ಅಂತ ಹೆಸರಿಟ್ಟರು. ಆ ಹುಡುಗಿ 14 ವರ್ಷಕ್ಕೆ ತೀರಿಕೊಂಡಳು. ತನ್ನ ಆರೋಗ್ಯವೂ ಆಮೇಲೆ ಮೊದಲಿನಂತಾಗಲಿಲ್ಲ ಅನ್ನುತ್ತಿದ್ದಳು ಎಲಿಜಬೆತ್. ಕೈಯಲ್ಲಿ ಸಲಿಕೆ ಹಿಡಿದ ಬಸುರಿ ಹೆಂಗಸಿನ ಪ್ರತಿಮೆ ಗೆಟ್ಟಿಸ್‌ಬರ್ಗ್‌ನಲ್ಲಿ ನಿಂತಿದ್ದು 2002ರಲ್ಲಿ. ಅಷ್ಟರಲ್ಲಿ ಜನರಲ್‌ಗಳೆಲ್ಲ ಕುದುರೆ ಏರಿ ಎಷ್ಟೋ ದಶಕ ಆಗಿತ್ತು.

ಇನ್ನೊಬ್ಬಳು ವಿಧವೆ ಲಿಡಿಯಾ ಲೀಸ್ಟರ್. ಅವಳ ಪುಟ್ಟ ಮನೆಯನ್ನೇ ಮೀಡ್ ತನ್ನ ಕೇಂದ್ರ ಕಚೇರಿ ಮಾಡಿಕೊಂಡಿದ್ದ. ವಾಪಸ್ ಬಂದಾಗ ಅವಳ ಜಮೀನಿನಲ್ಲಿ 17 ಸತ್ತ ಕುದುರೆಗಳು. ಗೋಧಿ ತುಳಿದು ಹಾಳಾಗಿತ್ತು. ಚೆನ್ನಾಗಿ ಕಾಯಿ ಬಿಡುತ್ತಿದ್ದ ಪೀಚ್ ಮರದ ಬುಡದಲ್ಲೇ ಕುದುರೆಗಳನ್ನು ಸುಟ್ಟಿದ್ದರಿಂದ ಮರವೂ ಹೋಯಿತು. ನೀರಿನ ಒರತೆ ಕೊಳೆತು ಹೊಸ ಬಾವಿ ತೋಡಿಸಬೇಕಾಯಿತು. ಅವಳಿಗೆ ಸಿಕ್ಕ ಪರಿಹಾರ ಅಂದರೆ ಆ ಕುದುರೆಗಳ ಮೂಳೆ. 750 ಪೌಂಡ್ ಮೂಳೆಯನ್ನು ನೂರು ಪೌಂಡಿಗೆ 50 ಸೆಂಟಿನಂತೆ ಮಾರಿದಳು. ಲೆಕ್ಕ ಹಾಕಿ, ಮೂರು ಮುಕ್ಕಾಲು ಡಾಲರ್. ಇಡೀ ರಣರಂಗದಲ್ಲಿ ಸತ್ತ ಕುದುರೆ, ಹೇಸರಗತ್ತೆಗಳು 3,000ದಿಂದ 5,000. ಊರಿನ ಜನ ಸೆಕೆಯಲ್ಲೂ ಕಿಟಕಿ ತೆರೆಯಲಾರದೆ, ಪುದೀನ ಎಣ್ಣೆಯ ಸೀಸೆ ಮೂಗಿಗೆ ಹಿಡಿದುಕೊಂಡು ಓಡಾಡುತ್ತಿದ್ದರು.

ಮೊದಲೇ ಓಡಿಹೋದವರು

ಈ ಊರಿನಲ್ಲಿ 1860ರ ಜನಗಣತಿ ಪ್ರಕಾರ 186 ಮಂದಿ ಕಪ್ಪುಜನ ಇದ್ದರು. ಯಾರೂ ಗುಲಾಮರಲ್ಲ, ಸ್ವತಂತ್ರರು. ಗುಲಾಮಗಿರಿ ಇದ್ದ ಮೇರಿಲ್ಯಾಂಡ್ ಗಡಿ ಕೆಲವೇ ಮೈಲಿ ದೂರ. ಲೀಯ ಸೇನೆ ಬರುತ್ತಿದೆ ಅಂದ ಕೂಡಲೇ ಇವರಲ್ಲಿ ಹೆಚ್ಚಿನವರು ಊರು ಬಿಟ್ಟರು. ಅವರಿಗೆ ಕಾರಣ ಇತ್ತು. ಆ ಸೇನೆ ಪೆನ್ಸಿಲ್ವೇನಿಯಾದಲ್ಲಿ ಮುಂದೆ ಸಾಗುತ್ತಾ ದನ, ಕುದುರೆ, ದವಸದ ಜೊತೆ ಕಪ್ಪುಜನರನ್ನೂ ಹಿಡಿದು ದಕ್ಷಿಣಕ್ಕೆ ಸಾಗಿಸುತ್ತಿತ್ತು. ಚೇಂಬರ್ಸ್‌ಬರ್ಗ್, ಮರ್ಸರ್ಸ್‌ಬರ್ಗ್ ಕಡೆ ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಹೀಗೆ ಹೋದವರು ನೂರಾರು ಮಂದಿ ಅನ್ನುವುದು ಇತಿಹಾಸಕಾರರ ಅಂದಾಜು. 51 ಸಾವಿರದ ಅಂಕಿಯಲ್ಲಿ ಇವರಲ್ಲಿ ಒಬ್ಬರೂ ಇಲ್ಲ. ಓಡಿಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಗೆಟ್ಟಿಸ್‌ಬರ್ಗ್‌ಗೆ ಬರಲೂ ಇಲ್ಲ.

ಬಂದವರಲ್ಲಿ ಒಬ್ಬ ಏಬ್ರಹಾಂ ಬ್ರಯನ್. ಕದನದ ನಟ್ಟನಡುವೆ, ಸೆಮೆಟ್ರಿ ರಿಡ್ಜ್ ಎಂಬ ದಿಬ್ಬದ ಮೇಲೆ ಅವನ 12 ಎಕರೆ ಜಮೀನು. ಜುಲೈ 3ರಂದು 12 ಸಾವಿರಕ್ಕೂ ಹೆಚ್ಚು ದಕ್ಷಿಣದ ಸೈನಿಕರು ಬಯಲು ದಾಟಿ ದಾಳಿ ಮಾಡಿದ್ದು ಇದೇ ದಿಬ್ಬದ ಮೇಲೆ. ಮನೆ ಕಿಟಕಿ ಒಡೆದಿತ್ತು, ಬೇಲಿ ಇರಲಿಲ್ಲ, ಬೆಳೆ ಇರಲಿಲ್ಲ. ಸರ್ಕಾರಕ್ಕೆ 1,028 ಡಾಲರ್ ಪರಿಹಾರಕ್ಕೆ ಅರ್ಜಿ ಹಾಕಿದ. ಕೈಗೆ ಬಂದದ್ದು 15 ಡಾಲರ್.

ಒಂದು ಹೆಣಕ್ಕೆ 1.59 ಡಾಲರ್

ಸತ್ತವರನ್ನು ಬಿದ್ದಲ್ಲೇ ಅರ್ಧ ಅಡಿ ಮಣ್ಣು ಮುಚ್ಚಿ ಹೂತಿದ್ದರು. ಮಳೆ ಬಂದಾಗ ಕೈ ಕಾಲು ಮೇಲೆ ಬರುತ್ತಿದ್ದವು, ಹಂದಿಗಳು ಕೆದಕುತ್ತಿದ್ದವು. ಊರಿನ ವಕೀಲ ಡೇವಿಡ್ ವಿಲ್ಸ್ ಮುಂದೆ ನಿಂತು 17 ಎಕರೆ ಜಾಗ ಕೊಡಿಸಿ ರಾಷ್ಟ್ರೀಯ ಸೈನಿಕ ಸ್ಮಶಾನದ ಏರ್ಪಾಡು ಮಾಡಿದ. ಹೆಣಗಳನ್ನು ಅಗೆದು ಅಲ್ಲಿಗೆ ಸಾಗಿಸಲು ಟೆಂಡರ್ ಕರೆದರು. ಕಡಿಮೆ ದರ ಹೇಳಿದವನಿಗೆ ಕಾಂಟ್ರಾಕ್ಟ್ ಸಿಕ್ಕಿತು. ಹೆಣಕ್ಕೆ 1.59 ಡಾಲರ್.

ಕೆಲಸ ಶುರುವಾದದ್ದು 1863ರ ಅಕ್ಟೋಬರ್ 27ಕ್ಕೆ. ಕೈಯಾರೆ ಅಗೆದವರು ಬೇಸಿಲ್ ಬಿಗ್ಸ್ ಎಂಬ ಕಪ್ಪು ರೈತ ಮತ್ತು ಅವನು ಕಟ್ಟಿಕೊಂಡ ಕೂಲಿಗಳ ತಂಡ. ಮಕ್ಕಳಿಗೆ ಓದಿಸಬೇಕು ಅಂತಲೇ ಮೇರಿಲ್ಯಾಂಡ್ ಬಿಟ್ಟು ಇಲ್ಲಿಗೆ ಬಂದಿದ್ದವನು ಬಿಗ್ಸ್. ಮೇಲ್ವಿಚಾರಣೆ ಸ್ಯಾಮ್ಯುಯೆಲ್ ವೀವರ್‌ನದು. ಪ್ರತಿ ಹೆಣ ಹೊರಬರುವಾಗಲೂ ಅವನು ಎದುರಿಗಿರಬೇಕು. ಕಬ್ಬಿಣದ ಕೊಕ್ಕೆಯಿಂದ ಜೇಬು ತಡಕಿ ನೋಡುತ್ತಿದ್ದ. ಕಾಗದ, ಬೈಬಲ್, ಬಾಚಣಿಗೆ, ಫೋಟೊ, ಏನು ಸಿಕ್ಕರೂ ಬೇರೆ ಪೊಟ್ಟಣ ಕಟ್ಟುತ್ತಿದ್ದ. ದಕ್ಷಿಣದವರನ್ನು ಈ ಸ್ಮಶಾನಕ್ಕೆ ತರುವಂತಿರಲಿಲ್ಲ. ಮೇಲಂಗಿ ನೋಡಿ ಗೊತ್ತಾಗದಿದ್ದರೆ ಒಳಬಟ್ಟೆ ನೋಡುತ್ತಿದ್ದ. ಹತ್ತಿಯದ್ದಾದರೆ ದಕ್ಷಿಣದವನು, ಉಣ್ಣೆಯದ್ದಾದರೆ ಉತ್ತರದವನು. ಮುಂದಿನ ಮಾರ್ಚ್ ಹೊತ್ತಿಗೆ 3,354 ಹೆಣಗಳು ಸ್ಥಳಾಂತರ ಆಗಿದ್ದವು. ಸ್ಮಶಾನದಲ್ಲಿ 979 ಗೋರಿಗಳ ಮೇಲೆ ಹೆಸರಿಲ್ಲ.

ಈ ಕೆಲಸ ಅರ್ಧವೂ ಆಗಿರದಿದ್ದಾಗ, ನವೆಂಬರ್ 19ಕ್ಕೆ, ಅಧ್ಯಕ್ಷ ಲಿಂಕನ್ ಉದ್ಘಾಟನೆಗೆ ಬಂದರು. ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದರು. ಲಿಂಕನ್ ಎರಡೇ ನಿಮಿಷ. ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳೇ ನಡೆಸುವ ಸರ್ಕಾರ ಅಂತ ನಾವೆಲ್ಲ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿ ಒಂದು ಮಾರ್ಕು ತೆಗೆದುಕೊಂಡ ಉತ್ತರ ಇದೆಯಲ್ವಾ, ಅದು ಆ ಎರಡು ನಿಮಿಷದ ಕೊನೆಯ ಸಾಲು. ಸುತ್ತ ಇನ್ನೂ ತುಂಬದ ಗುಂಡಿಗಳಿದ್ದವು ಅನ್ನುವುದನ್ನು ನಮ್ಮ ಮೇಷ್ಟ್ರು ಹೇಳಿರಲಿಲ್ಲ. ಇನ್ನೂ ಒಂದು ವಿಷಯ: ಅಷ್ಟೂ ಹೆಣ ಅಗೆದ ಊರಿನ ಕಪ್ಪುಜನ ಮುಂದೆ ಸೈನಿಕರಾಗಿ ಹೋಗಿ ಬಂದು ಸತ್ತಾಗ ಅವರಿಗೆ ಬೇರೆಯದೇ ಸ್ಮಶಾನ ಬೇಕಾಯಿತು. ಅದನ್ನು 1867ರಲ್ಲಿ ಅವರೇ ಮಾಡಿಕೊಂಡರು. ಅದಕ್ಕೆ ಲಿಂಕನ್ ಹೆಸರಿದೆ.

ಮೂರು ಮಕ್ಕಳ ಫೋಟೊ

ಹೆಸರಿಲ್ಲದ ಹೆಣಗಳ ಮಧ್ಯೆ ಒಂದಕ್ಕೆ ಹೆಸರು ಸಿಕ್ಕ ಕಥೆ ಇದೆ. ಜುಲೈ 1ರ ಕಾಳಗದಲ್ಲಿ ಊರಂಚಿನಲ್ಲಿ ಸತ್ತ ಒಬ್ಬ ಸೈನಿಕನ ಕೈಯಲ್ಲಿ ಗಾಜಿನ ಮೇಲೆ ತೆಗೆದ ಒಂದು ಫೋಟೊ ಇತ್ತು. ಮೂರು ಮಕ್ಕಳು. ಗುರುತಿಗೆ ಅಂತ ಬೇರೆ ಏನೂ ಇಲ್ಲ. ಫೋಟೊ ಒಂದು ಹೆಂಡದಂಗಡಿ ಸೇರಿತು. ಅಲ್ಲಿಂದ ಫಿಲಡೆಲ್ಫಿಯಾದ ವೈದ್ಯ ಜಾನ್ ಬೋರ್ನ್ಸ್ ಅದನ್ನು ಪಡೆದುಕೊಂಡ.

ಆಗಿನ ಪತ್ರಿಕೆಗಳಲ್ಲಿ ಫೋಟೊ ಅಚ್ಚು ಹಾಕಲು ಬರುತ್ತಿರಲಿಲ್ಲ. ಹಾಗಾಗಿ ಅಕ್ಟೋಬರ್ 19ರ ಫಿಲಡೆಲ್ಫಿಯಾ ಪತ್ರಿಕೆಯೊಂದರಲ್ಲಿ ಅದನ್ನು ಮಾತಿನಲ್ಲೇ ವರ್ಣಿಸಿದರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಚಿಕ್ಕವನು ಮಧ್ಯದಲ್ಲಿ ಕೂತಿದ್ದಾನೆ. ದೊಡ್ಡ ಹುಡುಗನ ಅಂಗಿ ಮತ್ತು ಹುಡುಗಿಯ ಲಂಗ ಒಂದೇ ಬಟ್ಟೆಯಲ್ಲಿ ಹೊಲಿದದ್ದು. ಇವರ ಅಪ್ಪ ಯಾರು ಅಂತ ಕೇಳಿದ್ದರು. ಬೇರೆ ಪತ್ರಿಕೆಗಳೂ ಅದನ್ನು ಎತ್ತಿ ಹಾಕಿದವು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಹಳ್ಳಿಯಲ್ಲಿ ಫಿಲಿಂಡಾ ಹ್ಯೂಮಿಸ್ಟನ್‌ಗೆ ಅದರ ಸುದ್ದಿ ತಲುಪಿತು. ಕದನದ ನಂತರ ಗಂಡನ ಕಾಗದ ಬಂದಿರಲಿಲ್ಲ. ಅಂಥದ್ದೊಂದು ಫೋಟೊವನ್ನು ಅವಳೇ ಅವನಿಗೆ ಕಳಿಸಿದ್ದಳು. ಆ ಬಟ್ಟೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಇನ್ಯಾರು? ಫೋಟೊದ ಪ್ರತಿ ತರಿಸಿಕೊಂಡು ನೋಡಿದಳು. ಫ್ರಾಂಕ್, ಆಲಿಸ್, ಫ್ರೆಡ್. ಸತ್ತವನು 154ನೇ ನ್ಯೂಯಾರ್ಕ್ ದಳದ ಸಾರ್ಜೆಂಟ್ ಏಮಸ್ ಹ್ಯೂಮಿಸ್ಟನ್. ಅವಳು ವಿಧವೆಯಾಗಿ ನಾಲ್ಕು ತಿಂಗಳು ದಾಟಿತ್ತು.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದು ಅಷ್ಟು ಚೆಂದ ಇಲ್ಲ. ಆ ಫೋಟೊದ ಪ್ರತಿಗಳನ್ನು ದೇಶದ ತುಂಬ ಮಾರಿ ಬಂದ ದುಡ್ಡಿನಲ್ಲಿ 1866ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲೇ ಸೈನಿಕರ ಮಕ್ಕಳಿಗಾಗಿ ಅನಾಥಾಲಯ ತೆರೆದರು. ಫಿಲಿಂಡಾ ಮಕ್ಕಳ ಜೊತೆ ಅಲ್ಲೇ ಬಂದು ಕೆಲಸ ಮಾಡಿದಳು. 1869ರಲ್ಲಿ ಮರುಮದುವೆಯಾಗಿ ಹೊರಟಳು. ಆಮೇಲೆ ಬಂದ ಮೇಲ್ವಿಚಾರಕಿ ಮಕ್ಕಳಿಗೆ ಚಿತ್ರಹಿಂಸೆ ಕೊಟ್ಟ ಆರೋಪದಲ್ಲಿ ಕೋರ್ಟು ಹತ್ತಿ ತಪ್ಪಿತಸ್ಥಳಾದಳು. ದುಡ್ಡಿನ ಲೆಕ್ಕದಲ್ಲೂ ಗೋಲ್‌ಮಾಲ್ ಆರೋಪ ಬಂತು. 1877ರಲ್ಲಿ ಅನಾಥಾಲಯ ಮುಚ್ಚಿತು.

ಸೋತವರ ಹೆಣ, ಉಳಿದ ಬಾಕಿ

ದಕ್ಷಿಣದ ಸತ್ತವರು ಹೊಲಗಳಲ್ಲೇ ಉಳಿದರು. ರೈತರು ಅವರ ಮೇಲೆ ನೇಗಿಲು ಹೊಡೆದರು. 1871ರಿಂದ 1873ರವರೆಗೆ ದಕ್ಷಿಣದ ಮಹಿಳಾ ಸಂಘಗಳ ಕೋರಿಕೆ ಮೇರೆಗೆ ಅವರನ್ನು ಅಗೆದು ಕಳಿಸಿದವನು ಸ್ಯಾಮ್ಯುಯೆಲ್ ವೀವರ್‌ನ ಮಗ ರೂಫಸ್. ಅಪ್ಪ ತೀರಿಕೊಂಡಿದ್ದ, ಅಪ್ಪ ಬರೆದಿಟ್ಟ ಲೆಕ್ಕ ಇವನ ಬಳಿ ಇತ್ತು. ಇವನು ಅಂಗರಚನಾಶಾಸ್ತ್ರ ಓದಿದ ವೈದ್ಯ. 3,320 ಮಂದಿಯ ಮೂಳೆಗಳನ್ನು ಕಳಿಸಿದ, ಹೆಚ್ಚಿನವು ರಿಚ್ಮಂಡ್‌ಗೆ ಹೋದವು. ಕೊಡುತ್ತೇವೆ ಅಂದಿದ್ದ ದುಡ್ಡು ಅವನಿಗೆ ಪೂರ್ತಿ ಸಿಗಲೇ ಇಲ್ಲ. ಎಲ್ಲರೂ ಸಿಕ್ಕರು ಅಂತಲೂ ಅಲ್ಲ. 1996ರಲ್ಲಿ ರೈಲು ಹಳಿಯ ಪಕ್ಕದ ಮಣ್ಣು ಮಳೆಗೆ ಕೊಚ್ಚಿ ಒಬ್ಬನ ಮೂಳೆ ಹೊರಬಂತು. ಯಾವ ಕಡೆಯವನು ಅಂತ ಹೇಳಲು ಆಗಲಿಲ್ಲ. ಮರುವರ್ಷ ಜುಲೈ 1ರಂದು ಅವನನ್ನು ರಾಷ್ಟ್ರೀಯ ಸ್ಮಶಾನದಲ್ಲೇ ಹೂತರು. ಆಗಿನ್ನೂ ಬದುಕಿದ್ದ ಇಬ್ಬರು ಅಂತರ್ಯುದ್ಧ ಸೈನಿಕರ ವಿಧವೆಯರು ಬಂದಿದ್ದರು. ಒಬ್ಬಾಕೆಯ ಗಂಡ ಉತ್ತರದ ಕಪ್ಪು ಸೈನಿಕ, ಇನ್ನೊಬ್ಬಾಕೆಯ ಗಂಡ ದಕ್ಷಿಣದವನು.

ಪಿಂಚಣಿಯ ಬಾಕಿ ಇನ್ನೂ ಉದ್ದ ಹೋಯಿತು. ಮೇಲೆ ಹೇಳಿದ ಉತ್ತರ ಕೆರೊಲಿನಾದ 26ನೇ ದಳದಲ್ಲಿ ಒಬ್ಬ ಹುಡುಗ ಇದ್ದ. ಗೆಟ್ಟಿಸ್‌ಬರ್ಗ್‌ಗೆ ಹೊರಟ ದಾರಿಯಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಅಲ್ಲಿಂದ ಪರಾರಿಯಾದ. ಅವನ ದಳ ನಾಶವಾದಾಗ ಅವನು ಅಲ್ಲಿರಲಿಲ್ಲ. ಮುಂದೆ ಕಡೆ ಬದಲಿಸಿ ಉತ್ತರದ ಸೇನೆ ಸೇರಿದ, ಹಾಗಾಗಿ ಪಿಂಚಣಿಗೆ ಅರ್ಹನಾದ. ಮುಪ್ಪಿನಲ್ಲಿ ತನಗಿಂತ ಸುಮಾರು 50 ವರ್ಷ ಚಿಕ್ಕವಳನ್ನು ಮದುವೆಯಾದ. 83ನೇ ವಯಸ್ಸಿನಲ್ಲಿ, 1930ರಲ್ಲಿ, ಮಗಳು ಹುಟ್ಟಿದಳು. 1938ರಲ್ಲಿ ಗೆಟ್ಟಿಸ್‌ಬರ್ಗ್ ಕದನದ 75ನೇ ವರ್ಷದ ಸಮಾವೇಶಕ್ಕೆ ಹೋಗಿ ಬಂದು ಕೆಲವೇ ದಿನಗಳಲ್ಲಿ ತೀರಿಕೊಂಡ. ಅಂಗವೈಕಲ್ಯ ಇದ್ದ ಆ ಮಗಳಿಗೆ ಅಪ್ಪನ ಹೆಸರಲ್ಲಿ ಅಮೆರಿಕ ಸರ್ಕಾರ ತಿಂಗಳಿಗೆ 73 ಡಾಲರ್ 13 ಸೆಂಟ್ ಕೊಡುತ್ತಿತ್ತು. ಆಕೆ ತೀರಿಕೊಂಡಿದ್ದು 2020ರ ಮೇ 31ಕ್ಕೆ. ಅಂತರ್ಯುದ್ಧದ ಪಿಂಚಣಿ ಪಡೆಯುತ್ತಿದ್ದ ಕೊನೆಯವಳು ಆಕೆ.